ಬರೆಸುವುದೋ, ಕೇಳುವುದೋ, ಮಾಡಿಸಿ ನೋಡುವುದೋ: ಮೌಲ್ಯಮಾಪನದ ವಿಧಾನ ಆರಿಸುವಾಗ

ಹಿಂದೊಮ್ಮೆ ಪ್ರಥಮ ಚಿಕಿತ್ಸೆಯ ತರಬೇತಿಯೊಂದಕ್ಕೆ ಕೊನೆಯ ದಿನದ ಪರೀಕ್ಷೆ ತಯಾರು ಮಾಡುವ ಹೊಣೆ ನನ್ನ ಪಾಲಿಗೆ ಬಂತು. 30 ಬಹು ಆಯ್ಕೆ ಪ್ರಶ್ನೆಗಳ ಪತ್ರಿಕೆ ಮಾಡಿದೆ. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ ಎಷ್ಟು ಸಲ ಒತ್ತಬೇಕು ಎಂಬುದು ಅದರಲ್ಲೊಂದು. ಹೆಚ್ಚುಕಡಿಮೆ ಎಲ್ಲರೂ 100ರಿಂದ 120 ಎಂಬ ಸರಿಯುತ್ತರಕ್ಕೇ ಗುರುತು ಹಾಕಿದ್ದರು. ನನಗೆ ಖುಷಿಯಾಯಿತು. ಆಮೇಲೆ ಜೊತೆಯವರೊಬ್ಬರು ಅಭ್ಯಾಸದ ಗೊಂಬೆಯನ್ನು ನೆಲದ ಮೇಲೆ ಮಲಗಿಸಿ, ಒಬ್ಬೊಬ್ಬರಾಗಿ ಬಂದು ಮಾಡಿ ತೋರಿಸಿ ಎಂದರು. ದೊಡ್ಡವರ ಎದೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗುವ ಹಾಗೆ ಒತ್ತಬೇಕು. ತುಂಬ ಜನರ ಕೈಯಲ್ಲಿ ಅದು ಅರ್ಧದಷ್ಟೂ ಹೋಗಲಿಲ್ಲ. ಕೆಲವರು ಕೈ ಎಲ್ಲಿಡಬೇಕೆಂದೇ ಹುಡುಕುತ್ತಿದ್ದರು. ತಪ್ಪು ಅವರದ್ದಲ್ಲ. ನಾನು ನೆನಪನ್ನು ಅಳೆದು, ಕೈಗೆ ಕೆಲಸ ಬಂದಿದೆ ಎಂದು ಸರ್ಟಿಫಿಕೇಟ್ ಕೊಡಲು ಹೊರಟಿದ್ದೆ.

ಅಂದಿನಿಂದ ಯಾವ ಪರೀಕ್ಷೆ ಮಾಡುವುದಿದ್ದರೂ ಮೊದಲು ಒಂದೇ ಒಂದು ವಾಕ್ಯ ಬರೆದುಕೊಳ್ಳುತ್ತೇನೆ. ಫಲಿತಾಂಶ ಬಂದ ಮೇಲೆ ಈ ವ್ಯಕ್ತಿಯ ಬಗ್ಗೆ ನಾನು ಏನು ಹೇಳಲಿದ್ದೇನೆ? "ಇವರಿಗೆ ನಿಯಮಗಳು ಗೊತ್ತು" ಎನ್ನುತ್ತೇನೋ, "ಇವರು ಯಾರ ಸಹಾಯವೂ ಇಲ್ಲದೆ ಇದನ್ನು ಮಾಡಬಲ್ಲರು" ಎನ್ನುತ್ತೇನೋ, "ಇವರಿಗೆ ಇನ್ನೂ ಇಂಥ ಕಡೆ ಸಹಾಯ ಬೇಕು" ಎನ್ನುತ್ತೇನೋ? ಮೂರೂ ಬೇರೆ ಬೇರೆ ಮಾತು. ಮೂರಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು. ಆದರೆ ನಾವು ಸಾಮಾನ್ಯವಾಗಿ ಮಾಡುವುದು ತಿರುಗುಮುರುಗು. ತಿದ್ದಲು ಸುಲಭವಾದದ್ದನ್ನು ಮೊದಲು ಆರಿಸಿಕೊಂಡು, ಬಂದ ಅಂಕಗಳಿಂದ ಏನು ಬೇಕೋ ಅದನ್ನು ಹೇಳಿಬಿಡುತ್ತೇವೆ.

ವೈದ್ಯಕೀಯ ಶಿಕ್ಷಣದಲ್ಲಿ ಕೆಲಸ ಮಾಡಿದ ಜಾರ್ಜ್ ಮಿಲ್ಲರ್ ಎಂಬವರು 1990ರಲ್ಲಿ ಇದನ್ನೇ ನಾಲ್ಕು ಮೆಟ್ಟಿಲಾಗಿ ಮಾಡಿ ತೋರಿಸಿದರು. ಕೆಳಗಿನದು, ವಿಷಯ ಗೊತ್ತಿರುವುದು. ಅದರ ಮೇಲೆ, ಹೇಗೆ ಮಾಡಬೇಕೆಂದು ಗೊತ್ತಿರುವುದು. ಮೂರನೆಯದು, ಮಾಡಿ ತೋರಿಸುವುದು. ತುದಿಯಲ್ಲಿ, ಯಾರೂ ಪರೀಕ್ಷೆ ಮಾಡದಿದ್ದಾಗಲೂ ದಿನನಿತ್ಯದ ಕೆಲಸದಲ್ಲಿ ಅದನ್ನು ಮಾಡುವುದು. ನನ್ನ ಪ್ರಥಮ ಚಿಕಿತ್ಸೆಯ ಪತ್ರಿಕೆ ಕೆಳಗಿನ ಮೆಟ್ಟಿಲಲ್ಲಿತ್ತು. ಸರ್ಟಿಫಿಕೇಟ್ ಮೂರನೆಯದರ ಬಗ್ಗೆ ಮಾತಾಡುತ್ತಿತ್ತು. ನಿಮ್ಮ ವಾಕ್ಯ ಯಾವ ಮೆಟ್ಟಿಲಲ್ಲಿದೆ ಎಂದು ಗುರುತಿಸಿಕೊಂಡರೆ ಅರ್ಧ ಆಯ್ಕೆ ಮುಗಿದ ಹಾಗೆ.

ಕಲಿಸುವ ನಡುವೆಯೋ, ಮುಗಿದ ಮೇಲೋ

ಇನ್ನೊಂದು ಪ್ರಶ್ನೆಯನ್ನೂ ಮೊದಲೇ ಕೇಳಿಕೊಳ್ಳಬೇಕು. ಕಲಿಕೆ ನಡೆಯುತ್ತಿರುವಾಗ ಅದನ್ನು ಸರಿಪಡಿಸಲು ಮಾಡುವ ಮೌಲ್ಯಮಾಪನ ಒಂದು, ಎಲ್ಲ ಮುಗಿದ ಮೇಲೆ ತೀರ್ಮಾನ ಹೇಳಲು ಮಾಡುವುದು ಇನ್ನೊಂದು. ಶಾಲೆಗಳಲ್ಲಿ ಇವನ್ನು ರೂಪಣಾತ್ಮಕ, ಸಂಕಲನಾತ್ಮಕ ಎನ್ನುತ್ತಾರೆ. ಈ ಭೇದವನ್ನು ಹೆಸರಿಟ್ಟು ಹೇಳಿದವರು ಮೈಕೆಲ್ ಸ್ಕ್ರಿವನ್, 1967ರಲ್ಲಿ. ಶುರುವಿನಲ್ಲಿ ಅವರು ಮಾತಾಡಿದ್ದು ಪಠ್ಯಕ್ರಮಗಳನ್ನು ಅಳೆಯುವ ಬಗ್ಗೆ. ವಿದ್ಯಾರ್ಥಿಗಳ ಪರೀಕ್ಷೆಗೆ ಅದು ಆಮೇಲೆ ಬಂತು.

ಒಂದೇ ಪ್ರಶ್ನೆಪತ್ರಿಕೆ ಎರಡೂ ಕೆಲಸ ಮಾಡಲಿ ಎಂದು ಎಲ್ಲರಿಗೂ ಆಸೆ. ನನಗೂ ಇತ್ತು. ಆದರೆ ಅಂಕ ಲೆಕ್ಕಕ್ಕೆ ಬರುತ್ತದೆ ಎಂದು ಗೊತ್ತಾದ ಕೂಡಲೇ ಕಲಿಯುವವರು ತಮಗೆ ತಿಳಿಯದ್ದನ್ನು ಮುಚ್ಚಿಡುತ್ತಾರೆ. ಸಹಜ ಅಲ್ವಾ? ನಡುವಿನ ಪರೀಕ್ಷೆಗೆ ಬೇಕಾದದ್ದು ಇದರ ಉಲ್ಟಾ. ತಿಳಿಯದ್ದು ಹೊರಗೆ ಬರಬೇಕು. ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಸಲಹೆಯ ಮಾತು, ಇನ್ನು ಕೆಲವರಿಗೆ ಎರಡೂ ಸಿಕ್ಕಿದ್ದವು. ಮುಂದಿನ ಕೆಲಸದಲ್ಲಿ ಸುಧಾರಿಸಿದ್ದು ಬರೀ ಸಲಹೆ ಸಿಕ್ಕ ಮಕ್ಕಳು. ಅಂಕವೂ ಜೊತೆಗಿದ್ದಾಗ ಸಲಹೆಯ ಲಾಭ ಉಳಿಯಲಿಲ್ಲ. ಅಂಕ ಕಂಡ ಮೇಲೆ ಕೆಳಗೆ ಬರೆದದ್ದನ್ನು ಓದುವ ಮನಸ್ಸು ಇರುವುದಿಲ್ಲ ಎಂದು ನನಗನಿಸುತ್ತದೆ. ಆದ್ದರಿಂದ ಕಲಿಕೆಯ ನಡುವೆ ಮಾಡುವ ಪರೀಕ್ಷೆಗೆ ಅಂಕವೇ ಬೇಡ ಎಂಬುದು ನನ್ನ ಸಲಹೆ. ಎರಡು ಸಾಲಿನ ಮಾತು ಸಾಕು.

ಬಹು ಆಯ್ಕೆ ಮತ್ತು ಬರೆಯುವ ಉತ್ತರ

ಹೆಚ್ಚಿನವರು ನಿಂತು ಯೋಚಿಸುವುದು ಈ ಎರಡರ ನಡುವೆ. ಮೊದಲು ಸಮಯದ ಲೆಕ್ಕ ನೋಡಿ. 60 ಜನ, ತಲಾ 5 ದೀರ್ಘ ಉತ್ತರ, ಒಂದನ್ನು ಓದಿ ತಿದ್ದಲು 3 ನಿಮಿಷ ಎಂದಿಟ್ಟುಕೊಂಡರೆ 15 ಗಂಟೆ. ಬಹು ಆಯ್ಕೆಯಾದರೆ ತಿದ್ದುವುದಕ್ಕೆ ಸಮಯವೇ ಬೇಡ. ಆದರೆ ಆ ಸಮಯ ಉಳಿತಾಯವಾಗುವುದಿಲ್ಲ, ಪರೀಕ್ಷೆಯ ಮುಂಚಿನ ದಿನಗಳಿಗೆ ಹೋಗಿ ಕೂರುತ್ತದೆ. ಒಳ್ಳೆಯ ಬಹು ಆಯ್ಕೆ ಪ್ರಶ್ನೆ ಬರೆಯುವುದು ನಿಧಾನದ ಕೆಲಸ. 10 ಜನರ ತಂಡಕ್ಕೆ 40 ಒಳ್ಳೆಯ ಪ್ರಶ್ನೆ ಬರೆಯಲು ಕೂತರೆ ನಷ್ಟ. ಅದೇ ಪರೀಕ್ಷೆ ವರ್ಷ ವರ್ಷ ನೂರಾರು ಜನರಿಗೆ ಬೇಕೆಂದರೆ ಲಾಭ.

ಇದರಲ್ಲಿ ಕಷ್ಟದ್ದು ತಪ್ಪು ಆಯ್ಕೆಗಳನ್ನು ಹುಟ್ಟಿಸುವುದು. ಸುಮ್ನೆ ನಾಲ್ಕು ಸಂಖ್ಯೆ ಕೊಟ್ಟರೆ ಆಗದು. 1/2ಕ್ಕೆ 1/3 ಕೂಡಿಸಿದರೆ 5/6. ಆದರೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸುವ ಮಗು 2/5 ಎನ್ನುತ್ತದೆ. ಕೂಡಿಸುವ ಬದಲು ಗುಣಿಸಿದ ಮಗು 1/6 ಎನ್ನುತ್ತದೆ. ಆಯ್ಕೆಗಳಲ್ಲಿ ಈ ಎರಡೂ ಇದ್ದರೆ, ತಪ್ಪಾದ ಉತ್ತರವೂ ನಿಮಗೆ ಏನೋ ಹೇಳುತ್ತದೆ. 2/5ಕ್ಕೆ ಗುರುತು ಹಾಕಿದ ಮಕ್ಕಳಿಗೆ ನಾಳೆ ಏನು ಕಲಿಸಬೇಕೆಂದು ತಿಳಿಯುತ್ತದೆ. ಇಂಥ ತಪ್ಪುಗಳು ಕೂತಲ್ಲಿ ಹೊಳೆಯುವುದಿಲ್ಲ. ಹಳೆಯ ಉತ್ತರ ಪತ್ರಿಕೆಗಳಿಂದ ಹೆಕ್ಕಿ ಇಟ್ಟುಕೊಳ್ಳಬೇಕು. ನಾಲ್ಕನೆಯ ಆಯ್ಕೆ ಸಿಗದಿದ್ದರೆ ಮೂರೇ ಇಡಿ. ಮೈಕೆಲ್ ರೊಡ್ರಿಗಸ್ ಅವರು 2005ರಲ್ಲಿ 80 ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಮೂರು ಆಯ್ಕೆ ಸಾಕು ಎಂಬ ತೀರ್ಮಾನಕ್ಕೆ ಬಂದರು. ಯಾರೂ ಆರಿಸದ ಆಯ್ಕೆಯಿಂದ ಓದುವ ಹೊತ್ತು ಹೋಗುತ್ತದೆ, ಅಷ್ಟೇ.

ಊಹೆ ಮಾಡಿ ಪಾಸಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಉತ್ತರ ಪ್ರಶ್ನೆಗಳ ಸಂಖ್ಯೆಯಲ್ಲಿದೆ. ನಾಲ್ಕು ಆಯ್ಕೆಯ 10 ಪ್ರಶ್ನೆ, ಪಾಸಾಗಲು 4 ಸರಿಯಾಗಬೇಕು ಎಂದಿಟ್ಟುಕೊಳ್ಳಿ. ಏನೂ ಓದದೆ ಕಣ್ಣು ಮುಚ್ಚಿ ಗುರುತು ಹಾಕಿದ 100 ಜನರಲ್ಲಿ ಸುಮಾರು 22 ಜನ ಪಾಸಾಗುತ್ತಾರೆ. ಅದೇ 40 ಪ್ರಶ್ನೆ, 16 ಸರಿಯಾಗಬೇಕು ಎಂದರೆ ಪಾಸಾಗುವವರು ಮೂವರಿಗಿಂತ ಕಡಿಮೆ. ಬೇಕಾದ ಪಾಲು ಎರಡರಲ್ಲೂ ನೂರಕ್ಕೆ 40ರಷ್ಟೇ. ಆದ್ದರಿಂದ ಚಿಕ್ಕ ಬಹು ಆಯ್ಕೆ ಪತ್ರಿಕೆಯಿಂದ ದೊಡ್ಡ ತೀರ್ಮಾನ ಮಾಡಬೇಡಿ. ಸರಿ ತಪ್ಪು ಗುರುತಿಸುವ ಪ್ರಶ್ನೆಗಳಂತೂ ಇನ್ನೂ ಸಡಿಲ. 10ರಲ್ಲಿ 6 ಬೇಕೆಂದರೂ 100ಕ್ಕೆ ಸುಮಾರು 38 ಜನ ಊಹೆಯಲ್ಲೇ ದಾಟುತ್ತಾರೆ.

ಬರೆಯುವ ಉತ್ತರದ ಕಷ್ಟ ಬೇರೆ ಕಡೆ ಇದೆ. ಡೇನಿಯಲ್ ಸ್ಟಾರ್ಚ್ ಮತ್ತು ಎಡ್ವರ್ಡ್ ಎಲಿಯಟ್ 1912ರಲ್ಲಿ ಒಂದೇ ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ಅನೇಕ ಶಾಲೆಗಳ ಶಿಕ್ಷಕರಿಗೆ ಕಳಿಸಿ ತಿದ್ದಿಸಿದರು. 142 ಶಿಕ್ಷಕರು ಕೊಟ್ಟ ಅಂಕಗಳಲ್ಲಿ ಅತಿ ಕಡಿಮೆಗೂ ಅತಿ ಹೆಚ್ಚಿಗೂ 100ಕ್ಕೆ 30ಕ್ಕಿಂತ ಜಾಸ್ತಿ ಅಂತರ ಇತ್ತು. ಭಾಷೆಯ ಪತ್ರಿಕೆ ಹಾಗೆಯೇ ಎಂದು ಸುಮ್ಮನಾಗುವ ಹಾಗೂ ಇರಲಿಲ್ಲ. ಮುಂದೆ ರೇಖಾಗಣಿತದ ಪತ್ರಿಕೆ ಕಳಿಸಿದಾಗ ಅಂತರ ಇನ್ನೂ ಹೆಚ್ಚಾಯಿತು. ಒಬ್ಬರು ಹಂತಗಳಿಗೆ ಅಂಕ ಕೊಡುತ್ತಾರೆ, ಇನ್ನೊಬ್ಬರು ಕೊನೆಯ ಉತ್ತರ ಮಾತ್ರ ನೋಡುತ್ತಾರೆ, ಮತ್ತೊಬ್ಬರು ಚೊಕ್ಕ ಬರವಣಿಗೆಗೆ ಒಲಿಯುತ್ತಾರೆ.

ಹಾಗೆಂದು ಬರೆಸುವುದನ್ನು ಬಿಡಬೇಕಿಲ್ಲ. ಒಬ್ಬರು ಕಾರಣ ಕೊಟ್ಟು ವಾದ ಕಟ್ಟಬಲ್ಲರೇ, ವಿಷಯಗಳನ್ನು ಒಂದಕ್ಕೊಂದು ಜೋಡಿಸಬಲ್ಲರೇ ಎಂದು ತಿಳಿಯಲು ನಾಲ್ಕು ಆಯ್ಕೆಗಳಿಂದ ಆಗುವುದಿಲ್ಲ. ಬರೆಸಲೇಬೇಕು. ತಿದ್ದುವುದನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ. ಪರೀಕ್ಷೆಗೆ ಮೊದಲೇ ರೂಬ್ರಿಕ್ ಬರೆಯಿರಿ. ಅಂದರೆ ಯಾವ ಗುಣಕ್ಕೆ ಎಷ್ಟು ಅಂಕ, ಪೂರ್ತಿ ಅಂಕದ ಉತ್ತರ ಹೇಗಿರುತ್ತದೆ, ಅರ್ಧ ಅಂಕದ್ದು ಹೇಗಿರುತ್ತದೆ ಎಂಬ ಪಟ್ಟಿ. ಹೆಸರು ಮುಚ್ಚಿ ತಿದ್ದಿ. ಒಬ್ಬರ ಪತ್ರಿಕೆ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವ ಬದಲು, ಎಲ್ಲರ ಮೊದಲನೆಯ ಉತ್ತರ ಮುಗಿಸಿ ಆಮೇಲೆ ಎರಡನೆಯದಕ್ಕೆ ಹೋಗಿ. ಮೊದಲ ಉತ್ತರ ಚೆನ್ನಾಗಿದ್ದರೆ ಎರಡನೆಯದಕ್ಕೂ ಕೈ ಸಡಿಲವಾಗುವುದು ಇದರಿಂದ ತಪ್ಪುತ್ತದೆ. ಒಂದು ಸುತ್ತು ಮುಗಿದ ಮೇಲೆ ಕಟ್ಟನ್ನು ಕಲಸಿ. ಯಾವಾಗಲೂ ಅದೇ ಹುಡುಗಿಯ ಪತ್ರಿಕೆ ನಿಮ್ಮ ಸುಸ್ತಿನ ಹೊತ್ತಿಗೆ ಬರಬಾರದು.

ಸಾಧ್ಯವಿದ್ದರೆ ಒಂದಿಷ್ಟು ಪತ್ರಿಕೆಗಳನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದಿ ಹೋಲಿಸಿ. ಇಲ್ಲೊಂದು ಎಚ್ಚರಿಕೆ. ಇಬ್ಬರೂ 100ಕ್ಕೆ 90 ಜನರನ್ನು ಪಾಸು ಮಾಡುವ ರೂಢಿಯವರಾದರೆ, ಪತ್ರಿಕೆ ಓದದೆ ಸುಮ್ನೆ ಹಂಚಿದರೂ 82ರಲ್ಲಿ ಒಮ್ಮತ ಬಂದೇ ಬರುತ್ತದೆ. ಹಾಗಾಗಿ 85ರಲ್ಲಿ ನಮ್ಮಿಬ್ಬರ ತೀರ್ಪು ಒಂದೇ ಎಂದು ನೆಮ್ಮದಿ ಪಡುವಂತಿಲ್ಲ. ಹೀಗೆ ತಾನಾಗಿ ಬರುವ ಒಮ್ಮತವನ್ನು ಕಳೆದು ಉಳಿದದ್ದನ್ನು ಅಳೆಯಲು ಜೇಕಬ್ ಕೋಹೆನ್ 1960ರಲ್ಲಿ ಒಂದು ಲೆಕ್ಕ ಕೊಟ್ಟರು. ಅದಕ್ಕೆ ಕಪ್ಪಾ ಎನ್ನುತ್ತಾರೆ. ಪೂರ್ತಿ ಒಮ್ಮತವಿದ್ದರೆ ಅದು 1. ನಮ್ಮ ಉದಾಹರಣೆಯಲ್ಲಿ ಬರುವುದು ಸುಮಾರು 0.17. ಅಂದರೆ ನಿಜವಾದ ಒಮ್ಮತ ಬಹಳ ಕಮ್ಮಿ. ಇಬ್ಬರೂ ಕೂತು ರೂಬ್ರಿಕ್ ಅನ್ನು ಮತ್ತೆ ಓದಬೇಕು.

ಎದುರು ಕೂರಿಸಿ ಕೇಳುವುದು

ಮೌಖಿಕ ಪರೀಕ್ಷೆಯನ್ನು ನಾನು ಇಷ್ಟಪಡುತ್ತೇನೆ. ಅಷ್ಟೇ ಹೆದರುತ್ತೇನೆ ಕೂಡ. ಉತ್ತರ ಅರ್ಧಕ್ಕೆ ನಿಂತಾಗ "ಯಾಕೆ ಹಾಗೆ?" ಎಂದು ಇನ್ನೊಂದು ಪ್ರಶ್ನೆ ಹಾಕುವ ಅವಕಾಶ ಬೇರೆ ಯಾವ ವಿಧಾನದಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಬಾಯಿಪಾಠವೋ ಅರಿವೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಬರೆಯಲು ಕಷ್ಟಪಡುವವರಿಗೂ ಇದು ನ್ಯಾಯ.

ಹೆದರಿಕೆ ಏಕೆಂದರೆ, ಇಲ್ಲಿ ಅಳೆಯುವ ಸಾಧನ ನಾವೇ. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಗಮನಿಸಿದ್ದನ್ನು ನೋಡಿ. ಸೇನಾ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಮೇಲಿದ್ದವನು ಎಲ್ಲದರಲ್ಲೂ ಮೇಲೇ ಇದ್ದ. ಒಂದು ಗುಣದ ಬೆಳಕು ಉಳಿದವುಗಳ ಮೇಲೆಲ್ಲ ಬಿದ್ದಿತ್ತು. ಚೆನ್ನಾಗಿ ಮಾತಾಡುವವರು ಚೆನ್ನಾಗಿ ಬಲ್ಲವರಂತೆ ಕಾಣುವುದೂ ಹೀಗೆಯೇ. ನಾಚಿಕೆಯ ಮನುಷ್ಯ ಉತ್ತರ ಗೊತ್ತಿದ್ದೂ ಸೋಲುತ್ತಾನೆ.

ಮೌಖಿಕವನ್ನೇ ಆರಿಸುವುದಾದರೆ ಎಲ್ಲರಿಗೂ ಅವೇ ಮುಖ್ಯ ಪ್ರಶ್ನೆಗಳು, ಅದೇ ಕ್ರಮದಲ್ಲಿ ಇರಲಿ. ಒಂದು ಉತ್ತರಕ್ಕೆ ಅಂಕ ಬರೆದ ಮೇಲೆ ಮುಂದಿನ ಪ್ರಶ್ನೆಗೆ ಹೋಗಿ. ಕೊನೆಗೆ ಒಟ್ಟಿಗೆ ಬರೆಯುತ್ತೇನೆ ಎಂದುಕೊಂಡರೆ ಮೊದಲ ಅನಿಸಿಕೆಯೇ ಗೆಲ್ಲುತ್ತದೆ. ತಲಾ 10 ನಿಮಿಷವೆಂದರೂ 60 ಜನರಿಗೆ 10 ಗಂಟೆ ಬೇಕು. ಸಾಯಂಕಾಲದ ಹೊತ್ತಿಗೆ ಪ್ರಶ್ನೆಗಳು ಹೊರಗೆ ಕಾಯುತ್ತಿರುವವರಿಗೆಲ್ಲ ತಿಳಿದಿರುತ್ತವೆ. ಹಾಗಾಗಿ ಇದನ್ನು ಚಿಕ್ಕ ಗುಂಪಿಗೆ ಇಟ್ಟುಕೊಳ್ಳಿ. ಇಲ್ಲವೇ ಪ್ರಾಜೆಕ್ಟ್ ಜೊತೆ ಇಡಿ, "ಇದನ್ನು ನೀವೇ ಮಾಡಿದಿರಾ, ಹೇಗೆ ಮಾಡಿದಿರಿ" ಎಂದು ಕೇಳಲು.

ಮಾಡಿಸಿ ನೋಡುವುದು

ಕೈಕೆಲಸ, ಯಂತ್ರ, ರೋಗಿಯ ಆರೈಕೆ, ಮಕ್ಕಳಿಗೆ ಪಾಠ ಮಾಡುವುದು. ಇಂಥವಕ್ಕೆ ಮಾಡಿಸಿಯೇ ನೋಡಬೇಕು. ಇದರಲ್ಲಿ ಎರಡನೇ ಮಾತಿಲ್ಲ. ಪ್ರಶ್ನೆ ಇರುವುದು ಹೇಗೆ ಮಾಡಿಸುವುದು ಎಂಬುದರಲ್ಲಿ.

ಹಳೆಯ ರೀತಿಯಲ್ಲಿ ವೈದ್ಯ ವಿದ್ಯಾರ್ಥಿಗೆ ಒಬ್ಬ ರೋಗಿಯನ್ನು ಕೊಟ್ಟು, ಒಂದಿಬ್ಬರು ಪರೀಕ್ಷಕರು ಕೂತು ತೀರ್ಮಾನ ಮಾಡುತ್ತಿದ್ದರು. ಸುಲಭದ ರೋಗಿ ಸಿಕ್ಕವನಿಗೆ ಅದೃಷ್ಟ. ಕಟುವಾದ ಪರೀಕ್ಷಕ ಸಿಕ್ಕವನಿಗೆ ದುರದೃಷ್ಟ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಜೊತೆಯವರು ಬೇರೆ ದಾರಿ ತೋರಿಸಿದರು. ಕೋಣೆಯ ತುಂಬ ಚಿಕ್ಕ ಚಿಕ್ಕ ನಿಲ್ದಾಣಗಳು. ಒಂದರಲ್ಲಿ ರೋಗಿಯ ಕತೆ ಕೇಳುವುದು, ಇನ್ನೊಂದರಲ್ಲಿ ಎದೆ ಪರೀಕ್ಷೆ ಮಾಡುವುದು, ಮತ್ತೊಂದರಲ್ಲಿ ವರದಿ ಓದುವುದು. ಗಂಟೆ ಹೊಡೆದಾಗ ಎಲ್ಲರೂ ಮುಂದಿನದಕ್ಕೆ ಹೋಗುತ್ತಾರೆ. ಎಲ್ಲರಿಗೂ ಅವೇ ಕೆಲಸಗಳು, ಅವೇ ಪರೀಕ್ಷಕರು. ಓಸ್ಕಿ ಎಂಬ ಹೆಸರಲ್ಲಿ ಇದು ವೈದ್ಯಕೀಯ ಮತ್ತು ನರ್ಸಿಂಗ್ ಶಿಕ್ಷಣದಲ್ಲೆಲ್ಲ ಹರಡಿತು.

ನಿಲ್ದಾಣ ಜಾಸ್ತಿ ಯಾಕೆ ಬೇಕು? ಒಂದು ಕೆಲಸ ಚೆನ್ನಾಗಿ ಮಾಡಿದವರು ಪಕ್ಕದ ಕೆಲಸವನ್ನೂ ಚೆನ್ನಾಗಿ ಮಾಡುತ್ತಾರೆ ಎಂಬ ಭರವಸೆ ಇಲ್ಲ. ರಕ್ತಸ್ರಾವ ನಿಲ್ಲಿಸುವುದರಲ್ಲಿ ಚುರುಕಾದವರು ಮೂಳೆ ಮುರಿದ ಕಾಲಿಗೆ ಪಟ್ಟಿ ಕಟ್ಟುವಾಗ ತಡವರಿಸಬಹುದು. ಒಂದೇ ಉದ್ದನೆಯ ಕೆಲಸ ನೋಡುವುದಕ್ಕಿಂತ ಹಲವು ಚಿಕ್ಕ ಕೆಲಸ ನೋಡುವುದು ಒಳ್ಳೆಯದು.

ಅಂಕ ಹಾಕಲು ಚೆಕ್‌ಲಿಸ್ಟೋ, ಒಟ್ಟು ನೋಟದ ದರ್ಜೆಯೋ ಎಂಬ ಚರ್ಚೆಯೂ ಇದೆ. ಹೊಸಬರಿಗೆ ಚೆಕ್‌ಲಿಸ್ಟ್ ಸರಿ. "ಕೈಗವಸು ಹಾಕಿದರೇ, ಉಸಿರು ನೋಡಿದರೇ" ಎಂದು ಹೌದು ಇಲ್ಲ ಬರೆದರೆ ಆಯಿತು. ಪಳಗಿದವರನ್ನು ಹಾಗೆ ಅಳೆದರೆ ಅನ್ಯಾಯವಾಗುತ್ತದೆ. ಅವರು ಬೇಡದ ಹಂತಗಳನ್ನು ಬಿಟ್ಟು ನೇರ ವಿಷಯಕ್ಕೆ ಹೋಗುತ್ತಾರೆ, ಪಟ್ಟಿಯಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಅವರನ್ನು ಅದೇ ಕೆಲಸ ಬಲ್ಲವರೊಬ್ಬರು ನೋಡಿ ಒಟ್ಟಾರೆ ದರ್ಜೆ ಕೊಡುವುದು ಮೇಲು. ಯಾವುದನ್ನು ಬಿಟ್ಟರೆ ಅಪಾಯವೋ ಅಂಥ ಎರಡು ಮೂರು ಹಂತಗಳನ್ನು ಮಾತ್ರ ಕಡ್ಡಾಯ ಮಾಡಿ.

ಕಡತ, ಪ್ರಾಜೆಕ್ಟ್, ತನ್ನನ್ನು ತಾನೇ ಅಳೆಯುವುದು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಒಂದೆಡೆ ಸೇರಿಸಿಡುವ ಪೋರ್ಟ್‌ಫೋಲಿಯೋ ಮಿಲ್ಲರ್ ಅವರ ತುದಿಯ ಮೆಟ್ಟಿಲಿಗೆ ಹತ್ತಿರ ಹೋಗುತ್ತದೆ. ಚಿತ್ರ, ವಿನ್ಯಾಸ, ಬರವಣಿಗೆ, ಬೋಧನೆ ಇಂಥ ಕ್ಷೇತ್ರಕ್ಕೆ ನನ್ನ ಮೊದಲ ಆಯ್ಕೆ. ಎಷ್ಟು ತುಣುಕು ಇರಬೇಕು ಎಂದು ಮಿತಿ ಹಾಕದಿದ್ದರೆ ದಪ್ಪ ಕಡತಕ್ಕೇ ಅಂಕ ಹೋಗುತ್ತದೆ. ಮಾಡಿದವರು ಯಾರು ಎಂಬ ಅನುಮಾನ ಪ್ರಾಜೆಕ್ಟಿನಲ್ಲೂ ಇದರಲ್ಲೂ ಇದ್ದದ್ದೇ. ಅದಕ್ಕೆ ಐದು ನಿಮಿಷದ ಮೌಖಿಕ ಸೇರಿಸಿ.

ತನ್ನನ್ನು ತಾನೇ ಅಳೆಯುವುದು ಕಲಿಕೆಗೆ ತುಂಬ ಒಳ್ಳೆಯದು, ತೀರ್ಪಿಗೆ ಅಲ್ಲ. ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಅವರ 1999ರ ಅಧ್ಯಯನದಲ್ಲಿ ತಾವು ನಿಜವಾಗಿ ಇರುವುದಕ್ಕಿಂತ ಅತಿ ಹೆಚ್ಚು ಮೇಲೆ ಇದ್ದೇವೆಂದು ಎಣಿಸಿದ್ದು ಅತಿ ಕಡಿಮೆ ಅಂಕ ಪಡೆದವರು. ಜೊತೆಯವರು ಒಬ್ಬರನ್ನೊಬ್ಬರು ತಿದ್ದುವುದೂ ಅಭ್ಯಾಸಕ್ಕೆ ಚೆನ್ನ. ಬೇರೆಯವರ ತಪ್ಪು ಹುಡುಕುತ್ತಾ ರೂಬ್ರಿಕ್ ತಾನಾಗಿ ತಲೆಗೆ ಹೋಗುತ್ತದೆ. ಸರ್ಟಿಫಿಕೇಟ್ ಮಾತ್ರ ಅದರ ಮೇಲೆ ನಿಲ್ಲಬಾರದು.

ಪಾಸಿನ ಗೆರೆ ಎಲ್ಲಿ

ವಿಧಾನ ಆರಿಸಿದ ಮೇಲೂ ಇದೊಂದು ಉಳಿದಿರುತ್ತದೆ. 50 ಸೀಟಿಗೆ 500 ಜನ ಬಂದರೆ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸಿ ಕ್ರಮ ಹಚ್ಚಬೇಕು. ಕೆಲಸ ಬರುತ್ತದೋ ಇಲ್ಲವೋ ಎಂದು ಹೇಳಬೇಕಾದಲ್ಲಿ ಹೋಲಿಕೆ ಬೇಡ, ಒಂದು ಗೆರೆ ಬೇಕು. ಪ್ರಥಮ ಚಿಕಿತ್ಸೆಯಲ್ಲಿ ಮೊದಲ ರ‍್ಯಾಂಕ್ ಬಂದವರ ಕೈಯೂ ಎದೆಯನ್ನು 3 ಸೆಂಟಿಮೀಟರ್ ಮಾತ್ರ ಒತ್ತುತ್ತಿದ್ದರೆ ಆ ರ‍್ಯಾಂಕಿನಿಂದ ಯಾರ ಜೀವವೂ ಉಳಿಯದು.

ಆ ಗೆರೆಯನ್ನು ರೂಢಿಯ 35ಕ್ಕೋ 40ಕ್ಕೋ ಎಳೆಯುವ ಬದಲು ವಿಲಿಯಂ ಆಂಗಾಫ್ ಹೆಸರಿನ, 1971ರಿಂದ ಬಳಕೆಗೆ ಬಂದ ರೀತಿಯನ್ನು ನೋಡಿ. ವಿಷಯ ಬಲ್ಲ ಕೆಲವರು ಕೂತು, ಅಂಚಿನಲ್ಲಿ ಪಾಸಾಗಬಹುದಾದ ಒಬ್ಬ ಅಭ್ಯರ್ಥಿಯನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ. ಅಂಥ 100 ಜನರಲ್ಲಿ ಎಷ್ಟು ಜನ ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತಾರೆ ಎಂದು ಪ್ರಶ್ನೆ ಪ್ರಶ್ನೆಗೂ ಅಂದಾಜು ಹೇಳುತ್ತಾರೆ. ಎಲ್ಲರ ಅಂದಾಜಿನ ಸರಾಸರಿಯೇ ಗೆರೆ. ಪತ್ರಿಕೆ ಕಷ್ಟವಾದರೆ ಗೆರೆ ತಾನೇ ಇಳಿಯುತ್ತದೆ, ಸುಲಭವಾದರೆ ಏರುತ್ತದೆ.

ಈಗ ಒಂದೊಂದೇ ಸಂದರ್ಭಕ್ಕೆ ನಾನು ಏನು ಆರಿಸುತ್ತೇನೆ ಎಂದು ಹೇಳುತ್ತೇನೆ. ದಿನದ ತರಗತಿಗೆ, ಅಂಕವಿಲ್ಲದ ಮೂರು ನಾಲ್ಕು ಚಿಕ್ಕ ಪ್ರಶ್ನೆ. ಹೀಗೆ ನೆನಪಿನಿಂದ ಹೊರತೆಗೆಸುವುದರಿಂದ ಕಲಿತದ್ದು ಹೆಚ್ಚು ದಿನ ಉಳಿಯುತ್ತದೆ ಎಂದು ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ತೋರಿಸಿದ್ದಾರೆ. ವರ್ಷದ ಕೊನೆಗೆ ದೊಡ್ಡ ಗುಂಪಿದ್ದರೆ, ಪಾಠದ ಎಲ್ಲ ಭಾಗವನ್ನೂ ಮುಟ್ಟುವ ಬಹು ಆಯ್ಕೆ, ಜೊತೆಗೆ ಒಂದೆರಡು ಬರೆಯುವ ಉತ್ತರ. ಕೆಲಸಕ್ಕೆ ಜನರನ್ನು ಆರಿಸುವಾಗ, ಆ ಕೆಲಸದ್ದೇ ಒಂದು ತುಣುಕನ್ನು ಮಾಡಿಸಿ ನೋಡಿ, ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆಗಳ ಸಂದರ್ಶನ. ಜೀವಕ್ಕೆ ಸಂಬಂಧಿಸಿದ ಕೆಲಸವಾದರೆ ನಿಲ್ದಾಣಗಳ ಪರೀಕ್ಷೆ. ಅದಕ್ಕೆ ಖರ್ಚು, ಶ್ರಮ ಜಾಸ್ತಿ ಎಂದರೂ ಬಿಡಬೇಡಿ.

ಏನೇ ಆರಿಸಿದರೂ ಮೂರು ನಾಲ್ಕು ಜನರ ಮೇಲೆ ಒಮ್ಮೆ ಮಾಡಿ ನೋಡಿ. ಫಲಿತಾಂಶ ಬಂದ ಮೇಲೆ ಪ್ರಶ್ನೆಗಳನ್ನೂ ಪರೀಕ್ಷಿಸಿ. ಉಳಿದ ಎಲ್ಲದರಲ್ಲಿ ಚೆನ್ನಾಗಿ ಮಾಡಿದವರೇ ಒಂದು ಪ್ರಶ್ನೆಯಲ್ಲಿ ತಪ್ಪಿ, ಹಿಂದುಳಿದವರು ಸರಿ ಮಾಡಿದ್ದರೆ, ಮೊದಲು ನಿಮ್ಮ ಕೀ ಉತ್ತರವನ್ನು ನೋಡಿ. ಅದೇ ತಪ್ಪಿರುವುದು ಅಪರೂಪವಲ್ಲ.

ಮುಂದಿನ ಸಲ ಅದೇ ಪ್ರಥಮ ಚಿಕಿತ್ಸೆಯ ತರಬೇತಿಗೆ ಬಹು ಆಯ್ಕೆ ಪತ್ರಿಕೆಯನ್ನು ಎರಡನೇ ದಿನಕ್ಕೆ ತಂದೆ, ಅಂಕವಿಲ್ಲದೆ. ಕೊನೆಯ ದಿನ ನಾಲ್ಕು ನಿಲ್ದಾಣ ಇಟ್ಟೆವು. ಗೊಂಬೆಯ ಮುಂದೆ ಎರಡು ನಿಮಿಷ, 30 ಸಲ ಒತ್ತಿ 2 ಸಲ ಉಸಿರು ಕೊಡುವುದು. ಪಕ್ಕದಲ್ಲಿ ಕೂತವರ ಕೈಯಲ್ಲಿ ಒಂದು ಗಡಿಯಾರ, ಒಂದು ಪಟ್ಟಿ. ಆಳ ಸಾಲದವರಿಗೆ ಅಲ್ಲೇ ಹೇಳಿ, ಅರ್ಧ ಗಂಟೆ ಅಭ್ಯಾಸ ಮಾಡಿಸಿ, ಮತ್ತೆ ಕರೆದೆವು.